ಸೀಟಿನ ಹಿಂದಿನ ಗುಡುಗು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಗ್ಯಾರೇಜುಗಳ ಓಣಿಯಲ್ಲಿ ಒಂದೇ ಒಂದು ಷಟರ್ ಅರ್ಧಕ್ಕೆ ಎತ್ತಿದೆ. ಬಗ್ಗಿ ನೋಡಿದರೆ ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು, ಅದರ ತೆರೆದ ಬಾಗಿಲಿನಿಂದ ಹೊರಚಾಚಿದ ಎರಡು ಕಾಲು, ಕಾಲಲ್ಲಿ ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ. ಚಪ್ಪಲಿಯ ಒಡತಿ ಚಾಲಕನ ಸೀಟು ಕಳಚಿ ಹೊರಗಿಟ್ಟಿದ್ದಾರೆ. ಸೀಟಿದ್ದ ಜಾಗದಲ್ಲಿ ತಾವೇ ಮಗ್ಗುಲಾಗಿ ಮಲಗಿ, ಕಾರಿನ ಹಿಂಗೋಡೆಗೆ ಕೆನ್ನೆ ಆನಿಸಿದ್ದಾರೆ.

ಗೋಡೆಯಲ್ಲಿ ಸಣ್ಣ ತಟ್ಟೆಯಗಲದ ತೂತು. ಕಾರು ಕಾರ್ಖಾನೆಯಿಂದ ಹೊರಬಂದ ದಿನದಿಂದಲೂ ಅಲ್ಲೇ ಕೂತಿರುವ ಸಬ್‌ವೂಫರ್ ಅದರೊಳಗಿದೆ. ಹಾಡಿನ ಅತಿ ತಗ್ಗಿನ ದನಿಗಳನ್ನು ಮಾತ್ರ ನುಡಿಸುವ ಸ್ಪೀಕರ್ ಅದು. ಸಣ್ಣದಾಗಿ ಒಂದು ಹಾಡು ಹಾಕಿದ್ದಾರೆ. ಗುಂಯ್ ಅನ್ನಬೇಕಾದಲ್ಲಿ ಅದು ಬರ್ರ್ ಅನ್ನುತ್ತದೆ. ಬೆರಳ ತುದಿಯಿಂದ ಸ್ಪೀಕರಿನ ಸ್ಪಾಂಜಿನ ಅಂಚು ಮುಟ್ಟಿದರೆ ಒಣಗಿದ ಕೇಕಿನ ಹಾಗೆ ಪುಡಿಪುಡಿ.

"ಪಾಪ, ಇಷ್ಟು ವರ್ಷ ಕೆಮ್ಕೊಂಡು ಕೆಮ್ಕೊಂಡೇ ಹಾಡಿದೆ," ಅನ್ನುತ್ತಾರೆ, ಹಾಸಿಗೆ ಹಿಡಿದ ನೆಂಟರ ವಿಷಯ ಹೇಳುವವರ ಹಾಗೆ.

ಓಣಿಯವರೆಲ್ಲ ಇವರನ್ನು ಕರೆಯುವುದು ಗುಡುಗಕ್ಕ ಎಂದು. ಮಾತು ಮಾತ್ರ ಪಿಸುಗುಟ್ಟಿದ ಹಾಗೆ. ಎದುರಿಗಿದ್ದವರು ಮುಂದೆ ಬಾಗಿಯೇ ಕೇಳಬೇಕು. ಹಳೆಯ ಕಾರುಗಳ ಸತ್ತ ಸ್ಪೀಕರುಗಳಿಗೆ ಮತ್ತೆ ಜೀವ ಬರಿಸುವುದು ಇವರ ಕಸುಬು. ಹೊಸ ಕಾರಿಗೆ ಸಾಮಾನು ಅಂಗಡಿಯಲ್ಲೇ ಸಿಗುತ್ತದೆ, ಎರಡು ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು. ತಯಾರಿಸಿದವರೇ ಮರೆತುಬಿಟ್ಟ ಕಾರುಗಳು ಮಾತ್ರ ಹುಡುಕಿಕೊಂಡು ಈ ಓಣಿಗೆ ಬರುತ್ತವೆ.

ಬೆಳಗಿನ ಜಾವವೇ ಕೆಲಸ ಶುರುಮಾಡುವುದಕ್ಕೆ ಕಾರಣ ಪಕ್ಕದ ಷಟರಿನಲ್ಲಿದೆ. ಅಲ್ಲಿ ಇವರ ಯಜಮಾನರು ಅಪಘಾತವಾದ ಕಾರುಗಳ ನೆಗ್ಗಿದ ತಗಡನ್ನು ಬಡಿದು ನೇರ ಮಾಡುತ್ತಾರೆ. "ಅವರು ಒಂದ್ಸಲ ಸುತ್ತಿಗೆ ಎತ್ತಿದ್ರೆ ಮುಗೀತು, ನನ್ನ ಕಿವಿಗೆ ಸಂಜೆವರೆಗೂ ರಜ," ಎಂದು ಗುಡುಗಕ್ಕ ನಗುತ್ತಾರೆ. ಹಾಗಾಗಿ ಎದುರಿನ ಗೋಡೆಗೆ ಬಿಸಿಲು ಬೀಳುವ ತನಕ ಸುತ್ತಿಗೆ ಮುಟ್ಟುವಂತಿಲ್ಲ. ಒಪ್ಪಂದವೇನೂ ಸುಲಭಕ್ಕೆ ಆಗಲಿಲ್ಲ. ಒಂದು ಇಡೀ ಬೇಸಿಗೆ ಜಗಳವಾಡಿ ಗೆದ್ದದ್ದು. ಗೋಡೆಯಾಚೆಯಿಂದ ಯಜಮಾನರ ದೂರು ಕೇಳಿಬರುತ್ತದೆ: "ಇವಳ ಡಬ್ಬ ಗುಡುಗಿದ್ರೆ ಸಂಗೀತವಂತೆ, ನನ್ನ ಸುತ್ತಿಗೆ ಬಡಿದ್ರೆ ಗಲಾಟೆಯಂತೆ. ನ್ಯಾಯ ಎಲ್ಲಿದೆ ಹೇಳಿ!"

ಗುಡುಗಕ್ಕ ಮೊದಲು ಕಾರಿನ ಸೀಟು ಹೊಲಿಯುತ್ತಿದ್ದವರು. ಒಮ್ಮೆ ಬಾಗಿಲಿನ ಒಳಹೊದಿಕೆ ಬದಲಿಸುವಾಗ ಅಲ್ಲಿನ ಸ್ಪೀಕರಿನ ಅಂಚು ಹರಿದದ್ದು ಕಣ್ಣಿಗೆ ಬಿತ್ತು. ಬಿಸಾಡುವ ಬದಲು ಹಳೆಯ ಕೈಗವಸಿನ ತೆಳು ಚರ್ಮ ಕತ್ತರಿಸಿ ಅಂಟಿಸಿದರು. ಹಾಡು ಹಾಕಿದರೆ ಅದು ಕತ್ತೆಯ ಹಾಗೆ ಅರಚಿತು. "ಬಿಟ್ಟು ಮಲ್ಕೋಬೋದಿತ್ತು. ಆದ್ರೆ ಯಾಕೆ ಅರಚ್ತು ಅಂತ ತಿಳೀದೆ ನಿದ್ದೆ ಬರಬೇಕಲ್ಲ?" ಬಿಚ್ಚಿದರು, ಅಂಟಿಸಿದರು, ಮತ್ತೆ ಬಿಚ್ಚಿದರು. ಗುಜರಿಯಿಂದ ಬುಟ್ಟಿಗಟ್ಟಲೆ ಹರಿದ ಸ್ಪೀಕರು ತಂದು ಕೆಡಿಸಿ ಕೆಡಿಸಿ ಕಲಿತರು. ಸ್ಪೀಕರಿನ ಕಾಗದದ ಬಟ್ಟಲು ತೂಗುವ ರೀತಿ, ಹಿಂದಿನ ಡಬ್ಬದೊಳಗಿನ ಗಾಳಿ ಅದಕ್ಕೆ ಒತ್ತು ಕೊಡುವ ರೀತಿ, ಡಬ್ಬ ಎಲ್ಲಿ ಸೋರಿದರೆ ದನಿ ಎಲ್ಲಿ ಹಾಳಾಗುತ್ತದೆ ಎಂಬುದು — ಎಲ್ಲವೂ ಕೈ ತಾನೇ ಕಲಿತ ವಿದ್ಯೆ.

ಕೈ ಅದಕ್ಕೆ ಬೆಲೆಯನ್ನೂ ತೆತ್ತಿದೆ. ಡಬ್ಬ ಗಟ್ಟಿ ಮಾಡಲು ಬಳಸುವ ಗಾಜಿನ ನೂಲಿನ ಬಟ್ಟೆಯ ಪುಡಿ ಚರ್ಮದೊಳಗೆ ಹೊಕ್ಕರೆ ಉರಿ ಕೆರೆತ. ಮುಂಗೈ ತುಂಬ ಕೆಂಪು ಗೀರುಗಳು. ಮೊದಮೊದಲು ಬಂದ ಗಿರಾಕಿಗಳು ಕಾರು ನಿಲ್ಲಿಸಿ ಅತ್ತಿತ್ತ ನೋಡಿ "ಕೆಲಸ ಮಾಡೋರು ಎಲ್ಲಿ?" ಅನ್ನುತ್ತಿದ್ದರಂತೆ. "ನಾನು ಸೀದಾ ಕಾರೊಳಗೆ ಹೋಗಿ ಮಲ್ಕೋತಿದ್ದೆ. ಆಮೇಲೆ ಅವರಿಗೇ ಗೊತ್ತಾಗೋದು." ಈಗ ಸಾಲು ನಿಂತು ಕಾಯುತ್ತಾರೆ. ಸಣ್ಣ ರಿಪೇರಿಯಾದರೆ ದಿನಕ್ಕೆ ಎರಡು ಮೂರು ಮುಗಿಯುತ್ತದೆ; ಈ ಕೆಂಪು ಕಾರಿನಂಥದ್ದು ಬಂದರೆ ವಾರಗಳೇ ಬೇಕು.

ಕೆಂಪು ಕಾರಿನ ಕತೆಯೇ ಬೇರೆ. ಅದರ ಮಾಲೀಕರು ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ ಉದ್ದನೆಯ ಆಸಾಮಿ, ಈಗ ನಿವೃತ್ತರು. ಗುಜರಿಗೆ ಹೊರಟಿದ್ದ ಕಾರನ್ನು ತಂದು, ರಜೆಯ ದಿನಗಳಲ್ಲೆಲ್ಲ ಅದರಡಿಯಲ್ಲೇ ಬಿದ್ದುಕೊಂಡು, ಬೋಲ್ಟು ಬೋಲ್ಟು ಕೂಡಿಸಿ ನಿಲ್ಲಿಸಿದವರು. ಆದರೆ ಸಾವಿರ ಮಗ್ಗಗಳ ನಡುವೆ ಕಳೆದ ಆಯುಷ್ಯ ಅವರ ಕಿವಿಯನ್ನು ತಿಂದುಹಾಕಿದೆ. ಫೋನಿನ ಗಂಟೆ, ಹಕ್ಕಿಯ ಕೂಗು, ಹಾಡುವವರ ಮಾತು ಯಾವುದೂ ಒಳಗೆ ಇಳಿಯುವುದಿಲ್ಲ. ಕಿವಿಯ ಯಂತ್ರ ಯಾವಾಗಲೂ ಅಂಗಿಯ ಜೇಬಿನಲ್ಲಿ. "ಹಾಕ್ಕೊಂಡ್ರೆ ಎಲ್ಲ ಚಮಚ ಬಿದ್ದಹಾಗೆ ಕೇಳ್ಸುತ್ತೆ," ಎನ್ನುವುದು ಅವರ ತಕರಾರು.

ಕಾರು ಬಿಟ್ಟುಹೋಗಲು ಬಂದ ದಿನ ಅವರು ಎರಡೇ ಮಾತು ಹೇಳಿದರು: "ಕೆಟ್ಟಿರೋದನ್ನ ಬದಲಾಯ್ಸಿ. ನನ್ನ ಕಾರಿಗೆ ಒಂದು ಹೊಸ ತೂತೂ ಬೀಳಕೂಡದು." ಅವರು ಆಚೆ ಹೋದ ಮೇಲೆ ಜೊತೆಗೆ ಬಂದಿದ್ದ ಮಗಳು ಹಿಂದೆಯೇ ಉಳಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಆಕೆ ಹೇಳಿದ್ದು ಗುಡುಗಕ್ಕನಿಗೆ ಇಂದಿಗೂ ಅಕ್ಷರ ಬಿಡದೆ ನೆನಪಿದೆ. "ಅಕ್ಕ, ಅಪ್ಪಂಗೆ ಹಿಂದೆ ಲಾರಿ ಬಂದ್ರೆ ಗೊತ್ತಾಗುತ್ತೆ, ನಾನು ಕರೆದ್ರೆ ಗೊತ್ತಾಗಲ್ಲ. ದಪ್ಪ ಸದ್ದು ಅಷ್ಟೇ ಅವರ ಪಾಲಿಗೆ ಉಳಿದಿರೋದು. ಅದರಲ್ಲೇ ಒಂದು ಹಾಡು ಕೇಳ್ಸೋಕಾಗುತ್ತಾ?"

ಆ ಹುಡುಗಿಯ ಮಾತು ಮನಸ್ಸಿನಲ್ಲಿ ಇಟ್ಟುಕೊಂಡೇ ಗುಡುಗಕ್ಕ ಆ ಬೆಳಗಿನ ಜಾವ ಸೀಟು ಕಳಚಿ ಗೋಡೆಗೆ ಕೆನ್ನೆ ಆನಿಸಿದ್ದು.

ಹಿಂಗೋಡೆಯ ಪ್ಲಾಸ್ಟಿಕ್ ಡಬ್ಬವನ್ನು ಹೊರತೆಗೆದರು. ಹಾಡು ಹಾಕಿ, ಕೆನ್ನೆ ಒದ್ದೆ ಮಾಡಿಕೊಂಡು ಡಬ್ಬದ ಸುತ್ತ ಹಿಡಿದರೆ, ತಂತಿ ಹೊರಬರುವ ಕಡೆಯಲ್ಲೂ ಕೂಡುಗೆರೆಯಲ್ಲೂ ತಣ್ಣನೆ ಗಾಳಿ ತಾಗಿತು. ಒಳಗಿನಿಂದ ಗಾಜಿನ ಬಟ್ಟೆ ಅಂಟಿಸಿ, ನಡುಗುವ ಕಡೆ ಒಂದು ಅಡ್ಡಪಟ್ಟಿ ಕೊಟ್ಟು ಮುಚ್ಚಿದರು. ಹೊಸ ಸಬ್‌ವೂಫರ್ ಹಳೆಯದರಷ್ಟೇ ಅಗಲ, ಆದರೆ ಅದರ ಅಯಸ್ಕಾಂತ ಮಾತ್ರ ದಪ್ಪ. ಡಬ್ಬದ ಆಳ ಸಾಲದು. ಅದಕ್ಕೆ ಎರಡು ಬೆರಳು ದಪ್ಪದ ಮರದ ಬಳೆ ಕಡೆದು ಕೂರಿಸಿ, ಸ್ಪೀಕರನ್ನು ಅಷ್ಟು ಮುಂದಕ್ಕೆ ತಂದರು. ಹಳೆಯ ತೂತುಗಳಲ್ಲೇ ಉದ್ದನೆಯ ಸ್ಕ್ರೂಗಳು ಕೂತವು. ಸೀಟು ಹಾಕಿ, ಹಾಡು ಹಾಕಿದರು. ಪಕ್ಕದ ಯಜಮಾನರು ಸುತ್ತಿಗೆ ಕೆಳಗಿಟ್ಟು ಬಂದು ನಿಂತರು. ಕೆಲಸ ಗೆದ್ದೆ ಅಂದುಕೊಂಡರು ಗುಡುಗಕ್ಕ.

ಕಾರಿನ ಮಾಲೀಕರು ಬಂದು ಕೂತರು. ಉದ್ದ ಕಾಲಿನವರು, ಅಭ್ಯಾಸದಂತೆ ಸೀಟನ್ನು ಹಿಂದೆ ತಳ್ಳಿದರು. ಟಕ್ ಎಂದು ಅರ್ಧದಲ್ಲೇ ನಿಂತಿತು. ಸೀಟಿನ ಬೆನ್ನು ಆ ಮರದ ಬಳೆಗೆ ತಾಗುತ್ತಿತ್ತು. ಮೊಣಕಾಲು ಸ್ಟೀರಿಂಗಿಗೆ ಒತ್ತಿಕೊಂಡೇ ಒಂದು ಹಾಡು ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಇಳಿದರು. "ಏನೋ ಬಡೀತಿದೆ ಕಣಮ್ಮ. ಹಾಡು ಅನ್ಸಲ್ಲ. ಹಳೇದನ್ನೇ ಹೆಂಗಾದ್ರೂ ಅಂಟಿಸಿ ಕೊಟ್ಬಿಡು." ಮಗಳು ನೆಲ ನೋಡುತ್ತ ನಿಂತಿದ್ದಳು.

"ಆವತ್ತು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ," ಎಂದು ನೆನೆಯುತ್ತಾರೆ ಗುಡುಗಕ್ಕ. ಸಂಜೆಯವರೆಗೂ ಅವರು ಆ ಸೀಟಿನ ಎದುರು ಸ್ಟೂಲು ಹಾಕಿಕೊಂಡು ಕೂತಿದ್ದರು. ಗೋಡೆಯನ್ನು ಹಿಂದೆ ಸರಿಸಲಾಗದು. ಸ್ಪೀಕರನ್ನು ಒಳಗೆ ತಳ್ಳಲಾಗದು. ಹಾಗಾದರೆ ಸೀಟು? ಸೀಟಿನ ಬೆನ್ನನ್ನು ಅಂಗೈಯಿಂದ ಒತ್ತುತ್ತಾ ಹೋದರು. ಕಬ್ಬಿಣದ ಚೌಕಟ್ಟಿನ ನಡುವೆ, ಬರೀ ಸ್ಪಾಂಜು ತುಂಬಿದ ಒಂದು ಪೊಳ್ಳು ಜಾಗ ಕೈಗೆ ಸಿಕ್ಕಿತು. ಅದೂ ಸರಿಯಾಗಿ ಬಳೆಯ ಎದುರಿಗೇ.

ಹೊದಿಕೆ ಬಿಚ್ಚಲು ಮಾಲೀಕರ ಒಪ್ಪಿಗೆ ಬೇಕಿತ್ತು. ಏಕೆಂದರೆ ಆ ಹೊದಿಕೆಯನ್ನು ಹೊಲಿದವರು ಸ್ವತಃ ಅವರೇ. ಮಗ್ಗದ ಕೈ, ಸೂಜಿಯ ಕೈಯಲ್ಲ. ಹೊಲಿಗೆ ಹಾವು ಹರಿದ ಹಾಗೆ. ಅವರು ಹೇಳಿದರಂತೆ: "ಬಿಚ್ಚು. ಆದ್ರೆ ನನ್ನ ಸೊಟ್ಟ ಹೊಲಿಗೆ ಸೊಟ್ಟಗೇ ಇರ್ಬೇಕು. ನೇರ ಮಾಡಿದ್ಯೋ, ನೋಡು!"

"ಹೊಲಿಗೆಯಲ್ಲಿ ನನ್ನದು ಎತ್ತಿದ ಕೈ ಅಂತ ಜಂಬ ಇತ್ತು," ಗುಡುಗಕ್ಕ ಬಾಯಿಗೆ ಸೆರಗು ಒತ್ತಿ ನಗುತ್ತಾರೆ. "ಇನ್ನೊಬ್ಬರ ಸೊಟ್ಟನ್ನ ಹಾಗ್‌ಹಾಗೇ ಹೊಲಿಯೋದಿದೆಯಲ್ಲ, ಅಪ್ಪಾ! ಕೈ ತಾನಾಗೇ ನೇರಕ್ಕೆ ಓಡುತ್ತೆ. ಎಳ್ಕೊಂಡು ಎಳ್ಕೊಂಡು ತರ್ಬೇಕು." ಒಂದೊಂದು ಹಳೆಯ ತೂತಿಗೂ ಸೂಜಿ ಇಳಿಸಿದರು. ಅದಕ್ಕೂ ಮೊದಲು ಸ್ಪಾಂಜನ್ನು ಬಟ್ಟಲಿನಾಕಾರಕ್ಕೆ ಕೊರೆದು, ಬಳೆಗೆ ಎರಡು ಬೆರಳ ಜಾಗ ಬಿಟ್ಟಿದ್ದರು. ಡಬ್ಬದೊಳಗೆ ಮೆತ್ತನೆ ಉಣ್ಣೆ ತುಂಬಿದ್ದರು, ಒಂದು ಸ್ವರ ಇನ್ನೊಂದರ ಮೇಲೆ ಹರಿದು ಕಲಸಿಹೋಗದ ಹಾಗೆ. ದನಿ ಜಾಸ್ತಿ ಮಾಡಲಿಲ್ಲ, ಮೊದಲಿಗಿಂತ ತಗ್ಗಿಸಿದರು.

ಕೂತು ನೋಡಿದ್ದು ಮರುದಿನ ಬೆಳಿಗ್ಗೆ, ತಾವೊಬ್ಬರೇ. ಹಾಡು ಶುರುವಾಯಿತು. ಮತ್ತೆ ಏನಾಯಿತು ಎಂದು ಕೇಳಿದರೆ ಮಾತಿನ ಬದಲು ತಮ್ಮ ಬೆನ್ನನ್ನು ತೋರಿಸುತ್ತಾರೆ. ಕೊರೆದ ಸ್ಪಾಂಜಿನ ಹಿಂದೆ ಈಗ ಸೀಟಿನ ಹೊದಿಕೆಯೇ ಡೋಲಿನ ಚರ್ಮವಾಗಿತ್ತು. ತಗ್ಗಿನ ಸ್ವರಗಳು ಒಂದೊಂದಾಗಿ ಮೆಟ್ಟಿಲಿಳಿದ ಹಾಗೆ ಬೆನ್ನುಹುರಿಯ ಉದ್ದಕ್ಕೂ ಇಳಿದವು. "ನಾನು ಮಾಡಿದ್ದು ಜಾಗ ಬಿಡೋಕೆ. ಇದು ಬರುತ್ತೆ ಅಂತ ದೇವರಾಣೆಗೂ ಗೊತ್ತಿರ್ಲಿಲ್ಲ. ಮೈ ಜುಮ್ ಅಂತು. ಎರಡೂ ಕಿವಿ ಮುಚ್ಕೊಂಡೆ. ಆದ್ರೂ ಹಾಡು ಇತ್ತು!"

ಕಾರಿನ ಮಾಲೀಕರು ಬಂದರು. ಮೊದಲು ಹೊಲಿಗೆಯ ಮೇಲೆ ಬೆರಳಾಡಿಸಿ, ಸೊಟ್ಟ ಸರಿಯಾಗಿದೆಯೇ ನೋಡಿದರು. ಕೂತು ಸೀಟು ಹಿಂದೆ ತಳ್ಳಿದರು, ಪೂರ್ತಿ ಹೋಯಿತು. ಹಾಡು ಹಾಕುವ ಹೊತ್ತಿಗೆ ಓಣಿಯ ನಾಲ್ಕಾರು ಮಂದಿ ಕೈ ಒರೆಸಿಕೊಳ್ಳುತ್ತಾ ಸೇರಿದ್ದರು. ಮುದುಕರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಮಗಳು ಗುಡುಗಕ್ಕನ ಮೊಣಕೈ ಹಿಡಿದು ಸ್ಟೀರಿಂಗ್ ತೋರಿಸಿದಳು. ಅದರ ಮೇಲಿದ್ದ ಅಪ್ಪನ ತೋರುಬೆರಳು ಎದ್ದು ಬೀಳುತ್ತಿತ್ತು. ಎಲ್ಲೂ ತಪ್ಪದೆ, ಹಾಡಿನ ನಡೆಗೆ ಸರಿಯಾಗಿ. ನಡುವೆ ವಾದ್ಯ ನಿಂತ ಕಡೆ ಬೆರಳೂ ನಿಂತಿತು, ಶುರುವಾದಾಗ ಶುರುವಾಯಿತು. ಹಾಡು ಮುಗಿದ ಮೇಲೂ ಮುದುಕರು ಕೂತೇ ಇದ್ದರು.

"ಇದು ನಮ್ಮ ಹಳೇ ಹಾಡು," ಅಂದರು ಕೊನೆಗೆ, ಎಲ್ಲರಿಗಿಂತ ಗಟ್ಟಿಯಾಗಿ. "ಗುರುತು ಸಿಕ್ತು ಕಣೇ!"

ಮಗಳು ಕಾರಿನ ಹಿಂದಕ್ಕೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಇನ್ನೂ ಜೋರು ಮಾಡು ಎಂದು ಹಟ ಹಿಡಿದರಂತೆ ಮುದುಕರು. ಗುಡುಗಕ್ಕ ದನಿ ಹೆಚ್ಚಿಸುವ ಆ್ಯಂಪ್ಲಿಫೈಯರಿನ ಒಳತಿರುಪನ್ನು ಆಗಲೇ ಒಂದು ಮಿತಿಗೆ ನಿಲ್ಲಿಸಿ, ಅಲುಗದ ಹಾಗೆ ಬಣ್ಣದ ಚುಕ್ಕೆಯಿಂದ ಅಂಟಿಸಿಬಿಟ್ಟಿದ್ದರು. "ಕಾರು ನಂದು!" ಎಂದು ಅವರು. "ಕಿವೀನೂ ನಿಮ್ದೇ ಅಲ್ವಾ, ಉಳಿದಿರೋದನ್ನ ಉಳಿಸ್ಕೊಳ್ಳಿ," ಎಂದು ಇವರು. ಪಿಸುಮಾತು ಅವರಿಗೆ ಕೇಳಿಸಲಿಲ್ಲ, ತಲೆಯಾಡಿಸಿದ್ದು ಕಾಣಿಸಿತು. ನಕ್ಕು ಸುಮ್ಮನಾದರು.

ಇಷ್ಟು ವರ್ಷ ಇಷ್ಟು ಕಾರು ಮಾಡಿದ ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಗುಡುಗಕ್ಕ ನಾಚುತ್ತಾರೆ. ಮನೆಯಲ್ಲಿರುವುದು ಯಜಮಾನರ ಸ್ಕೂಟರ್ ಒಂದೇ. ತಾವು ಮಾಡಿದ ಕೆಲಸವನ್ನು ಗುಡುಗಕ್ಕ ಕೇಳಿದ್ದೆಲ್ಲ ನಿಂತ ಕಾರಿನಲ್ಲಿ, ಈ ಷಟರಿನ ಕೆಳಗೆ. ಮುಗಿದ ಕೂಡಲೇ ಕೀಲಿ ತಿರುಗುತ್ತದೆ, ಕಾರು ತಿರುವಿನಲ್ಲಿ ಮರೆಯಾಗುತ್ತದೆ. "ರಸ್ತೆ ಮೇಲೆ ಟೈರಿನ ಸದ್ದು, ಗಾಳಿ, ಎಲ್ಲ ಸೇರಿ ದಪ್ಪ ದನಿಯನ್ನ ನುಂಗಿಬಿಡುತ್ತಂತೆ. ನನ್ನದು ನಿಲ್ಲುತ್ತೋ ಇಲ್ವೋ, ಓಡೋ ಕಾರಲ್ಲಿ ಕೂತು ಒಂದ್ಸಲ ಕೇಳ್ಬೇಕು ಅಂತಿತ್ತು. ಕೇಳೋಕೆ ಸಂಕೋಚ."

ಈ ಮಾತು ನಡೆಯುವಾಗ, ಅಪ್ಪನ ಜೊತೆ ಕಾರು ಒಯ್ಯಲು ಬಂದಿದ್ದ ಮಗಳು ಅಲ್ಲೇ ಇದ್ದಳು. ಅದು ಇಬ್ಬರೇ ಕೂರುವ ಕಾರು. ಆಕೆ ಸುಮ್ಮನೆ ಪಕ್ಕದ ಬಾಗಿಲು ತೆರೆದು, ತನ್ನ ಚೀಲ ಎತ್ತಿಕೊಂಡು, ಜಾಗ ಬಿಟ್ಟಳು. ಗುಡುಗಕ್ಕ ಒಲ್ಲೆ ಒಲ್ಲೆ ಅನ್ನುತ್ತಲೇ ಚಪ್ಪಲಿ ಕಳಚಿ, ಬರಿಗಾಲಲ್ಲಿ ಒಳಗೆ ಕೂತರು. ಮುದುಕರು ಕೀಲಿ ತಿರುಗಿಸಿದರು, ಕೆಂಪು ಕಾರು ಒಮ್ಮೆ ಗುರುಗುಟ್ಟಿ ಓಣಿ ದಾಟಿತು. ಹೊರಗಿನ ದೊಡ್ಡ ರಸ್ತೆಗೆ ತಿರುಗುವಾಗ ಹಾಡು ಶುರುವಾದದ್ದು ಇತ್ತ ನಿಂತವರಿಗೂ ಕೇಳಿಸಿತು.

ಅವರು ಬರುವಷ್ಟರಲ್ಲಿ ಎದುರು ಗೋಡೆಗೆ ಬಿಸಿಲು ಬಿದ್ದು ಬಹಳ ಹೊತ್ತಾಗಿತ್ತು. ಗುಡುಗಕ್ಕ ಇಳಿಯುತ್ತಾರೆ. ತಲೆಗೂದಲೆಲ್ಲ ಗಾಳಿಗೆ ಕೆದರಿದೆ. ಕೈಯನ್ನು ಕಾರಿನ ಬಾಗಿಲ ಮೇಲಿಂದ ಇನ್ನೂ ತೆಗೆದಿಲ್ಲ.

"ಹೆಂಗಿತ್ತೇ?" ಯಜಮಾನರು ಕೇಳುತ್ತಾರೆ.

"ನಿಲ್ಲುತ್ತೆ," ಅನ್ನುತ್ತಾರೆ. ಆಮೇಲೆ, ಈ ಸಲ ಯಾರೂ ಬಾಗದೆಯೇ ಕೇಳಿಸುವಷ್ಟು ದನಿಯಲ್ಲಿ: "ಇನ್ಯಾರೋ ಮಾಡಿದ್ದು ಅಂತ ಹೇಳಿದ್ರೂ ಇಳೀತಿರ್ಲಿಲ್ಲ. ಕೇಳ್ತಾ ಕೂತೇ ಇರ್ತಿದ್ದೆ."