ಸುಗುಣಾ ಮೇಡಂ ಮತ್ತು ಪಿನ್ ಹೊಡೆದ ಪುಟಗಳು

ಸುಗುಣಾ ಮೇಡಂ ಒಂದು ಪ್ರಶ್ನೆ ಕೇಳಿದರೆಂದರೆ ಆಮೇಲೆ ಸುಮ್ಮನಾಗಿಬಿಡುತ್ತಿದ್ದರು. ಉತ್ತರ ಬರಲಿಲ್ಲವೆಂದು ಮತ್ತೆ ಕೇಳುವುದಾಗಲಿ ಸುಳಿವು ಕೊಡುವುದಾಗಲಿ ಅವರ ಅಭ್ಯಾಸವಲ್ಲ. ಕನ್ನಡಕವನ್ನು ಹಣೆಯ ಮೇಲೇರಿಸಿ, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, ಎದುರಿನವರ ಮುಖವನ್ನೇ ನೋಡುತ್ತ ಕೂರುವರು. ಆ ಮೌನ ತಡೆಯಲಾರದೆ ಜನ ಹೇಳಬೇಕಾದ್ದನ್ನೂ ಹೇಳಬಾರದ್ದನ್ನೂ ಹೇಳಿಬಿಡುತ್ತಿದ್ದರು. ನೈರೋಬಿಯಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ಅವರಿಗೆ ಅದು ಪಾಠ ಮಾಡುವ ಒಂದು ರೀತಿ. ಆ ರೀತಿಯೇ ಒಬ್ಬ ಹುಡುಗಿಯ ಓದಿಗೆ ಕುತ್ತು ತಂದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

ಅವರನ್ನು ನಾನು ಮೊದಲು ಕಂಡದ್ದು ನೈರೋಬಿಯ ನ್ಗಾರಾ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ. ನಾನು ಮೈಸೂರಿನಿಂದ ಬಂದು ಇಲ್ಲಿನ ವಿಶ್ವವಿದ್ಯಾಲಯವೊಂದರ ಶಿಕ್ಷಣ ವಿಭಾಗಕ್ಕೆ ಸೇರಿ ಒಂದು ತಿಂಗಳಾಗಿತ್ತಷ್ಟೆ. ಈ ಊರಲ್ಲಿ ಅವರೆಕಾಳೇ ಇಲ್ಲ ಎಂದು ಫೋನಿನಲ್ಲಿ ಅಮ್ಮನಿಗೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ನರೆಗೂದಲ ಹೆಂಗಸು ಬಿಳಿ ಗೀರಿನ ಕರಿಕಾಳುಗಳನ್ನು ನನ್ನ ಅಂಗೈಗೆ ಸುರಿದರು.

"ಇದೇ ನಿಮ್ಮ ಅವರೆ, ಮಾರಾಯ್ತಿ. ಇಲ್ಲಿಯವರು ನ್ಜಾಹಿ ಅಂತಾರೆ. ಬಣ್ಣ ಮಾತ್ರ ಬೇರೆ, ಜಾತಿ ಒಂದೇ. ಈ ಖಂಡದಿಂದಲೇ ನಮ್ಮ ಕಡೆಗೆ ಬಂದದ್ದು. ರೈತರು ತಮಗೆ ಬೇಕಾದ ಕಾಳು ಆರಿಸಿ ಆರಿಸಿ ಬಿತ್ತಿದ್ರು, ಅದು ಬದಲಾಯ್ತು."

ಮೇಡಂ ಮಂಗಳೂರಿನ ಕ್ರೈಸ್ತ ಮನೆತನದವರು. ಗಂಡ ಡಾಕ್ಟರಾಗಿದ್ದವರು ತೀರಿಕೊಂಡ ಮೇಲೂ ಊರಿಗೆ ಮರಳದೆ ನೈರೋಬಿಯ ಹರ್ಲಿಂಗ್‌ಹ್ಯಾಮಿನ ಫ್ಲ್ಯಾಟೊಂದರಲ್ಲಿ ಒಬ್ಬರೇ ಇದ್ದರು. ಬೆಳಿಗ್ಗೆ ಕನ್ನಡ ಬೈಬಲಿನ ಒಂದು ಅಧ್ಯಾಯ ಓದದೆ ಕಾಫಿ ಕುಡಿದವರಲ್ಲ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. ಸೋಮವಾರ ಕಾಲೇಜಿನಲ್ಲಿ ಜೀವವಿಕಾಸದ ಪಾಠ. ಎರಡೂ ಹೇಗೆ ಹೊಂದುತ್ತೆ ಅಂತ ನಾನೊಮ್ಮೆ ಕೇಳಿದ್ದೆ.

"ದೇವರು ಮಾಡಿದ ಅಂತ ನಂಬ್ತೇನೆ. ಹೇಗೆ ಮಾಡಿದ ಅಂತ ನೋಡ್ಲಿಕ್ಕೆ ಮೈಕ್ರೋಸ್ಕೋಪ್ ಬೇಕು. ಅದರಲ್ಲಿ ಜಗಳ ಎಂತ ಉಂಟು?"

ಜಗಳ ಮೂರು ವರ್ಷದ ಹಿಂದೆ ಹುಡುಕಿಕೊಂಡು ಬಂತು. ಊರಾಚೆಯ ಒಂದು ಧಾರ್ಮಿಕ ಕಾಲೇಜು, ಬಹಳ ಕಾಲದಿಂದ ಪಾದ್ರಿಗಳನ್ನು ತಯಾರು ಮಾಡುತ್ತಿದ್ದದ್ದು, ವಿಜ್ಞಾನ ಶಿಕ್ಷಕರ ಪದವಿಯನ್ನೂ ಶುರುಮಾಡಿ ಸರ್ಕಾರದ ಮಾನ್ಯತೆಗೆ ಅರ್ಜಿ ಹಾಕಿತ್ತು. ಮಾನ್ಯತೆ ಸಿಗದಿದ್ದರೆ ಅಲ್ಲಿ ಓದಿದವರಿಗೆ ಶಾಲೆಗಳಲ್ಲಿ ಕೆಲಸವಿಲ್ಲ. ಪರಿಶೀಲನೆಯ ತಂಡಕ್ಕೆ ಮೇಡಂ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಗೇಟಿನ ಬಳಿ ನಮ್ಮನ್ನು ಎದುರುಗೊಂಡ ಪ್ರಾಂಶುಪಾಲ ರೆವರೆಂಡ್ ಮುಟುವಾ ಮೇಡಂ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸ್ವಾಗತ, ಮ್ವಾಲಿಮು" ಎಂದರು. ಮ್ವಾಲಿಮು ಎಂದರೆ ಗುರುಗಳು. ಅವರು ಇಪ್ಪತ್ತು ವರ್ಷದ ಹಿಂದೆ ಮೇಡಂ ಹತ್ತಿರ ಓದಿದವರು.

ಕಟ್ಟಡ ಚೊಕ್ಕಟವಾಗಿತ್ತು, ಪ್ರಯೋಗಾಲಯವೂ ಅಷ್ಟೆ. ಕೊನೆಯ ವರ್ಷದ ತರಗತಿಯಲ್ಲಿ ಮೇಡಂ ಮುಂದಿನ ಸಾಲಿನ ಹುಡುಗಿಯ ಪಠ್ಯಪುಸ್ತಕ ಕೈಗೆತ್ತಿಕೊಂಡರು. ನಡುವಿನ ಒಂದಿಷ್ಟು ಪುಟಗಳಿಗೆ ಸ್ಟೇಪಲ್ ಪಿನ್ ಹೊಡೆದಿತ್ತು. ಮತ್ತೊಂದು ಪುಸ್ತಕ ನೋಡಿದರು. ಅದರಲ್ಲೂ ಅದೇ ಪುಟಗಳು, ಅದೇ ಪಿನ್ನು. ಜೀವವಿಕಾಸದ ಅಧ್ಯಾಯ.

"ಈ ಪುಟಗಳಲ್ಲಿ ಏನಿದೆ?" ಎಂದು ತರಗತಿಯನ್ನು ಕೇಳಿದರು. ಕನ್ನಡಕ ಹಣೆಗೇರಿತು.

ಪಾಠ ಮಾಡುತ್ತಿದ್ದ ಯುವ ಅಧ್ಯಾಪಕ ನೆಲ ನೋಡಿದ. ರೆವರೆಂಡ್ ಬಾಗಿಲಲ್ಲಿ ನಿಂತಿದ್ದರು. ನನ್ನ ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತ್ತು. ಸಾಕು ಮೇಡಂ, ಹೊರಡೋಣ ಎನ್ನಬೇಕೆನ್ನಿಸಿತು, ಅನ್ನಲಿಲ್ಲ. ಕೊನೆಗೆ ಆ ಮುಂದಿನ ಸಾಲಿನ ಹುಡುಗಿಯೇ ಎದ್ದು ನಿಂತಳು.

"ನಾನು ಓದಿದ್ದೇನೆ, ಮೇಡಂ. ಹಾಸ್ಟೆಲಿನಲ್ಲಿ ಪಿನ್ ಬಿಚ್ಚಿ ಓದಿ, ಮತ್ತೆ ಹೊಡೆದಿಟ್ಟೆ. ಶಾಲೆಗೆ ಹೋದ ಮೇಲೆ ಮಕ್ಕಳಿಗೆ ಆ ಪಾಠ ನಾನೇ ಮಾಡಬೇಕಲ್ಲ."

ಅವಳ ಹೆಸರು ಅಚಿಯೆಂಗ್. ಕಾರಿನಲ್ಲಿ ಕೂತ ಮೇಲೆ ಮೇಡಂ ನನ್ನ ಕಡೆ ತಿರುಗಿದರು.

"ನಾನು ಸುಮ್ಮನೆ ಕೂರಬಾರದಿತ್ತು, ವಸುಧಾ. ಪುಸ್ತಕವೇ ಸಾಕ್ಷಿ ಇತ್ತು. ಆ ಮಗುವಿನ ಬಾಯಿಂದ ಯಾಕೆ ಹೊರಡಿಸಿದೆ?"

ವಾರ ಕಳೆಯುವುದರೊಳಗೆ ಅಚಿಯೆಂಗ್‌ಳನ್ನು ಅಮಾನತು ಮಾಡಿದ ಸುದ್ದಿ ಬಂತು. ಶಿಸ್ತಿನ ಉಲ್ಲಂಘನೆ ಎಂಬ ಕಾರಣ. ಮರುದಿನ ರೆವರೆಂಡ್ ಮುಟುವಾ ತಾವಾಗಿಯೇ ಹರ್ಲಿಂಗ್‌ಹ್ಯಾಮಿನ ಮನೆಗೆ ಬಂದರು. ನಾವಿಬ್ಬರೂ ವರದಿಯ ಕರಡು ಹರಡಿಕೊಂಡು ಕೂತಿದ್ದೆವು. ನಾನು ಏಳಹೋದೆ, ಮೇಡಂ ಕೈಸನ್ನೆ ಮಾಡಿ ಕೂರಿಸಿದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು.

"ಮ್ವಾಲಿಮು, ನೀವೂ ವಿಶ್ವಾಸಿ, ನಾನೂ ವಿಶ್ವಾಸಿ. ದೇವರು ಆರು ದಿನದಲ್ಲಿ ಸೃಷ್ಟಿ ಮಾಡಿದ ಅಂತ ನಾನು ಕಲಿಸ್ತೇನೆ, ಯಾಕೆಂದರೆ ನಂಬ್ತೇನೆ. ಬೇರೆಲ್ಲೂ ಸೀಟು ಸಿಗದ ಮಕ್ಕಳು ನನ್ನ ಹತ್ತಿರ ಬರ್ತಾರೆ. ಮಾನ್ಯತೆ ಇಲ್ಲ ಅಂದ್ರೆ ಅವರೆಲ್ಲ ಮನೆಗೆ ಹೋಗ್ತಾರೆ."

"ನಿನ್ನ ನಂಬಿಕೆ ನಾನು ಪ್ರಶ್ನೆ ಮಾಡ್ತಿಲ್ಲ. ಅದನ್ನು ಧರ್ಮದ ತರಗತಿಯಲ್ಲಿ ಕಲಿಸು. ಜೀವಶಾಸ್ತ್ರದ ಪುಸ್ತಕಕ್ಕೆ ಪಿನ್ ಯಾಕೆ?"

ರೆವರೆಂಡ್ ಟೀ ಕಪ್ಪನ್ನು ತಟ್ಟೆಯ ಮೇಲೆ ನಿಧಾನವಾಗಿ ಇಟ್ಟರು.

"ಆ ಹುಡುಗಿ ಸೋಮವಾರವೇ ತರಗತಿಗೆ ಬರಬಹುದು. ನಿಮ್ಮ ವರದಿ ಹೇಗಿರುತ್ತೆ ಅನ್ನೋದರ ಮೇಲೆ."

ಗೋಡೆಯಾಚೆ ಮಟಾಟು ವ್ಯಾನುಗಳ ಹಾರ್ನು ಕೇಳುತ್ತಿತ್ತು. ಮೇಡಂ ಎದ್ದು ಹೋಗಿ ಬಾಗಿಲು ತೆರೆದರು.

"ಮುಟುವಾ, ಈಗ ನೀನು ಹೊರಡಬೇಕು" ಎಂದರು.

ಬಾಗಿಲು ಮುಚ್ಚಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಮೇಡಂ, ಒಂದೆರಡು ಮಾತು ಮೆತ್ತಗೆ ಮಾಡಿದ್ರೆ ಏನಾಗುತ್ತೆ? ಷರತ್ತಿನ ಮಾನ್ಯತೆ ಅಂತ ಬರೆಯೋಣ. ಆ ಹುಡುಗಿಗೆ ಇನ್ನು ನಾಲ್ಕು ತಿಂಗಳು ಅಷ್ಟೇ ಉಳಿದಿರೋದು."

"ಗೊತ್ತು, ಮಾರಾಯ್ತಿ. ರಾತ್ರಿಯಿಡೀ ಅದನ್ನೇ ಯೋಚನೆ ಮಾಡಿದ್ದೇನೆ. ಆದರೆ ಅವಳು ಎದ್ದು ನಿಂತು ನಿಜ ಹೇಳಿದ್ಳು. ಅವಳ ಹೆಸರಿನಲ್ಲಿ ನಾನು ಸುಳ್ಳು ಬರೀಲಿಕ್ಕೆ ಆಗುದಿಲ್ಲ."

ಧರ್ಮಶಾಸ್ತ್ರದ ಪದವಿಗೆ ಮಾನ್ಯತೆ ಕೊಡಬಹುದು, ವಿಜ್ಞಾನ ಶಿಕ್ಷಕರ ಪದವಿಗೆ ಆ ಅಧ್ಯಾಯ ಕಲಿಸುವವರೆಗೆ ಕೊಡಕೂಡದು ಎಂದು ಬರೆಸಿದರು. ಸಾಕ್ಷಿಗೆ ಪುಸ್ತಕಗಳು ಮಾತ್ರ. ಹುಡುಗಿಯ ಮಾತಿಲ್ಲ. ಕೊನೆಗೆ ಒಂದು ಪ್ಯಾರಾ ಸೇರಿಸಿದರು: ಅಧ್ಯಕ್ಷೆ ಅವಿವೇಕದಿಂದ ತರಗತಿಯಲ್ಲಿ ಕೇಳಿದ ಪ್ರಶ್ನೆಯಿಂದ ಒಬ್ಬ ವಿದ್ಯಾರ್ಥಿನಿಗೆ ಶಿಕ್ಷೆಯಾಗಿದೆ, ತಪ್ಪು ಅಧ್ಯಕ್ಷೆಯದು, ಶಿಕ್ಷೆ ರದ್ದುಮಾಡಿಸಬೇಕು, ಪ್ರಾಂಶುಪಾಲರು ಮನೆಗೆ ಬಂದು ಆಡಿದ ಮಾತು ಹೀಗಿತ್ತು. ಇದನ್ನು ಬರೆದರೆ ನಿಮ್ಮನ್ನು ಇನ್ನು ಯಾವ ತಂಡಕ್ಕೂ ಕರೆಯುವುದಿಲ್ಲ ಎಂದೆ. "ಕರೆಯುದು ಬೇಡ. ನೀನು ಬರಿ" ಎಂದರು.

ವಿಜ್ಞಾನ ಪದವಿಯ ಮಾನ್ಯತೆಯನ್ನು ತಡೆಹಿಡಿಯಲಾಯಿತು. ಆಮೇಲಿನ ದಿನಗಳು ಕಷ್ಟದವು. ವಿದ್ಯಾರ್ಥಿಗಳ ತಂದೆತಾಯಿ ಮೇಡಂಗೆ ಫೋನು ಮಾಡಿ ಅತ್ತರು, ಕೆಲವರು ಶಪಿಸಿದರು. ಮೇಡಂ ಫೋನು ಇಡುತ್ತಿರಲಿಲ್ಲ, ಕೊನೆಯವರೆಗೂ ಕೇಳುತ್ತಿದ್ದರು. ಅವರ ಚರ್ಚಿನಲ್ಲಿ ಮಕ್ಕಳ ತರಗತಿಯನ್ನು ಬೇರೆಯವರಿಗೆ ಕೊಟ್ಟರು. "ನಿಮಗೂ ವಯಸ್ಸಾಯಿತಲ್ಲ" ಎಂದರಂತೆ. ಆದರೂ ಭಾನುವಾರ ತಪ್ಪದೆ ಹೋಗಿ ತಮ್ಮ ಹಳೆಯ ಬೆಂಚಿನಲ್ಲೇ ಕೂರುತ್ತಿದ್ದರು. ಪಕ್ಕದ ಜಾಗ ಎಷ್ಟೋ ವಾರ ಖಾಲಿಯೇ ಇತ್ತು.

ಅಚಿಯೆಂಗ್‌ಳ ಅಮಾನತು ರದ್ದಾಗಲಿಲ್ಲ. ಮೇಡಂ ಅವಳನ್ನು ಮನೆಗೆ ಕರೆತಂದಿಟ್ಟುಕೊಂಡರು. ಅವಳನ್ನು ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿಸಲು ನಾನು ಮೇಜಿನಿಂದ ಮೇಜಿಗೆ ಅಲೆದೆ. ಅಂತೂ ಸೇರಿದಳು, ಆದರೆ ಅವಳ ಒಂದು ವರ್ಷ ಹಾಳಾಯಿತು. ಮೊದಮೊದಲು ಅವಳು ಮೇಡಂ ಜೊತೆ ಮಾತೇ ಆಡುತ್ತಿರಲಿಲ್ಲ. ಅದನ್ನು ಮೇಡಂ ನನ್ನ ಬಳಿ ದೂರಿನಂತೆ ಹೇಳಲಿಲ್ಲ. "ಸಿಟ್ಟು ಇರ್ಲಿ, ಊಟ ಮಾಡ್ತಾಳಲ್ಲ" ಎಂದರು. ಈಗ ಅವಳು ಕಿಸುಮು ಕಡೆಯ ಶಾಲೆಯೊಂದರಲ್ಲಿ ಟೀಚರು.

ಕಳೆದ ವರ್ಷ ಆ ಕಾಲೇಜಿನ ವಿಜ್ಞಾನ ಪದವಿಗೂ ಮಾನ್ಯತೆ ಸಿಕ್ಕಿತು. ಅಧ್ಯಾಯ ಕಲಿಸುತ್ತಾರೆ, ಇದನ್ನು ಕಾಲೇಜು ನಂಬುವುದಿಲ್ಲ ಎಂದು ಮೊದಲೇ ಹೇಳಿ ಕಲಿಸುತ್ತಾರಂತೆ. ಮೇಡಂಗೆ ತಿಳಿಸಿದೆ. "ಕಲಿಸ್ತಾರಲ್ಲ, ಸಾಕು. ನಂಬಿ ಅಂತ ನಾನು ಯಾರಿಗೆ ಹೇಳಿದ್ದು?" ಎಂದು ನಕ್ಕರು. ಆಗಲೇ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು.

ಈ ವರ್ಷದ ಆರಂಭದಲ್ಲಿ ಅವರು ಹೋದರು. ಲಂಗಾಟಾದ ಸ್ಮಶಾನದಲ್ಲಿ ನಾವು ಕನ್ನಡದವರು ಏಳೆಂಟು ಮಂದಿ, ಉಳಿದವರೆಲ್ಲ ಅವರ ವಿದ್ಯಾರ್ಥಿಗಳು. ಇಲ್ಲಿ ಮಣ್ಣು ಮುಚ್ಚಲು ಬಂದವರೇ ಸರದಿಯಂತೆ ಸಲಿಕೆ ಹಿಡಿಯುತ್ತಾರೆ. ಹಿಂದೆಲ್ಲೋ ನಿಂತಿದ್ದ ರೆವರೆಂಡ್ ಮುಟುವಾ ಮುಂದೆ ಬಂದು, ಕೋಟು ಕಳಚಿ ಹುಲ್ಲಿನ ಮೇಲಿಟ್ಟು, ಬೆವರು ಇಳಿಯುವವರೆಗೆ ಮಣ್ಣು ಎಳೆದರು. ಮುಂದಿನ ಸರದಿಯಲ್ಲಿ ನಿಂತಿದ್ದವಳು ಅಚಿಯೆಂಗ್. ಅವರು ಸಲಿಕೆಯ ಹಿಡಿಯನ್ನು ಅವಳ ಕಡೆ ತಿರುಗಿಸಿ ಚಾಚಿದರು. ಅವಳು ಅವರ ಮುಖ ನೋಡಲಿಲ್ಲ. ಸಲಿಕೆ ತೆಗೆದುಕೊಂಡಳು.