ಎರಡು ಸೀಟಿನ ಗಾಡಿಗೆ ಹೊಸ ರೇಡಿಯೇಟರ್

ವಿಲ್ಫ್ ಟ್ರಾಂಟರ್ ಒಂದೆಡೆ ಕೂತು ಪೂರ್ತಿ ಕಪ್ ಚಹಾ ಕುಡಿದದ್ದನ್ನು ಅವನ ಹೆಂಡತಿ ಗ್ಲೆನಿಸ್ ಕೂಡ ಕಂಡವಳಲ್ಲ. ಸ್ಟೌರ್‌ಬ್ರಿಜ್‌ನ ಆ ಇಳಿಜಾರು ಬೀದಿಯ ಮನೆಯಲ್ಲಿ ಅರ್ಧ ಕುಡಿದ ಕಪ್ಪುಗಳು ಕಿಟಕಿಯ ಅಂಚಿನಲ್ಲಿ, ಗ್ಯಾರೇಜಿನ ಬೆಂಚಿನ ಮೇಲೆ, ಒಮ್ಮೊಮ್ಮೆ ಗುಲಾಬಿ ಗಿಡದ ಬುಡದಲ್ಲಿ ಸಿಗುತ್ತಿದ್ದವು. ಸರಪಣಿ ಕಾರ್ಖಾನೆಯ ಕುಲುಮೆಯ ಮುಂದೆ ಆಯುಸ್ಸು ಸವೆಸಿ ನಿವೃತ್ತನಾದ ಮೇಲೆ ಅವನ ಕೈಗಳಿಗೆ ಉಳಿದದ್ದು ಒಂದೇ ಕೆಲಸ: ಅರವತ್ತೈದನೇ ಇಸವಿಯ ಹಸಿರು ಎಂಜಿ ಕಾರು. ಅದರಲ್ಲಿರುವುದು ಎರಡೇ ಸೀಟು.

ಆ ವಾರ ಅವನ ಚಡಪಡಿಕೆಗೆ ಕಾರಣವೂ ಇತ್ತು. ಶನಿವಾರ ಮಗಳು ಬೆಥನಿಯ ಮದುವೆ. ಅವಳನ್ನು ತನ್ನ ಎಂಜಿಯಲ್ಲೇ ಚರ್ಚಿಗೆ ಕರೆದೊಯ್ಯುತ್ತೇನೆ ಎಂದು ಅವಳು ತೊಟ್ಟಿಲಲ್ಲಿದ್ದಾಗಿನಿಂದ ಹೇಳಿಕೊಂಡು ಬಂದವನು ಅವನು. ಮಗಳು ಸದ್ದಿಲ್ಲದೆ ಕರಿಯ ಬಣ್ಣದ ದೊಡ್ಡ ಬಾಡಿಗೆ ಕಾರು ಗೊತ್ತು ಮಾಡಿಬಿಟ್ಟಿದ್ದಳು.

"ಅಪ್ಪ, ಬಾರ್ಮತ್‌ಗೆ ಸಮುದ್ರ ನೋಡೋಕೆ ಅಂತ ಹೊರಟು ಎಷ್ಟು ಸಲ ದಾರೀಲಿ ಬಾನೆಟ್ ಎತ್ಕೊಂಡು ನಿಂತಿಲ್ಲ ನಾವು? ಬಿಳೀ ಗೌನು ಹಾಕ್ಕೊಂಡು ಆ ಹಬೇಲಿ ನಿಲ್ಲೋಕೆ ನನ್ ಕೈಲಾಗಲ್ಲ."

"ಅದು ಹಳೇ ರೇಡಿಯೇಟರ್ ಕಣೇ. ಈಗ ಅಲ್ಯೂಮಿನಿಯಂದು ಹಾಕ್ತಿದೀನಲ್ಲ."

ವಾದ ಒಂದು ಕರಾರಿನಲ್ಲಿ ಮುಗಿಯಿತು. ಗುರುವಾರ ಸಂಜೆ ಮನೆಯ ಮುಂದೆ ಎಂಜಿನ್ ಓಡುತ್ತ ಗಾಡಿ ನಿಂತಲ್ಲೇ ನಿಂತಿರಬೇಕು. ಬೆಥನಿ ನಿಧಾನವಾಗಿ ಒಂದು ಕಪ್ ಚಹಾ ಮುಗಿಸುವ ತನಕ ನೀರು ಕುದಿಯದಿದ್ದರೆ ಬಾಡಿಗೆ ಕಾರು ರದ್ದು.

ವಿಲ್ಫ್ ಕೆಲಸಕ್ಕೆ ಬಿದ್ದ. ಹಳೆಯ ನೀರನ್ನು ಪಾತ್ರೆ ತೊಳೆಯುವ ಟಬ್ಬಿಗೆ ಬಸಿದು, ಗ್ಲೆನಿಸಳಿಂದ ಬೈಸಿಕೊಂಡ. ಬೆಸುಗೆಯ ಮೇಲೆ ಬೆಸುಗೆ ಕಂಡ ಹಿತ್ತಾಳೆಯ ರೇಡಿಯೇಟರ್ ಹೊರಬಂತು. ಹೊಸದು ಎಷ್ಟು ಹಗುರವೆಂದರೆ ಅದನ್ನು ಎತ್ತಿಕೊಂಡಾಗ ಅವನಿಗೆ ನಂಬಿಕೆಯೇ ಹುಟ್ಟಲಿಲ್ಲ. ಬೋಲ್ಟಿನ ತೂತುಗಳು ಕೂದಲೆಳೆಯಷ್ಟು ಆಚೀಚೆ ಇದ್ದವು. ಅರದಿಂದ ಉಜ್ಜಿ ಹೊಂದಿಸಿದ. ದಪ್ಪ ಹೆಚ್ಚಾದ್ದರಿಂದ ಎಂಜಿನ್ನಿನ ಹಳೇ ಫ್ಯಾನಿನ ರೆಕ್ಕೆ ತಗುಲುತ್ತಿತ್ತು. ಅದನ್ನು ಬಿಚ್ಚಿಟ್ಟು, ರೇಡಿಯೇಟರಿನ ಬೆನ್ನಿಗೆ ಕರೆಂಟಿನ ಫ್ಯಾನ್ ಕೂರಿಸಿದ. ಹೊಸ ರಬ್ಬರ್ ಪೈಪುಗಳನ್ನು ಜೋಡಿಸಿ, ನೀರು ತುಂಬಿ, ಅವನ್ನು ಹಿಚುಕಿ ಹಿಚುಕಿ ಒಳಗಿನ ಗಾಳಿ ಹೊರಹಾಕಿದ.

ಪಕ್ಕದ ಮನೆಯ ಕ್ಲೈವ್ ಬೇಲಿಯ ಮೇಲಿಂದ ಇಣುಕಿದ. "ಏನಯ್ಯಾ ವಿಲ್ಫ್, ಹಳೇದ್ರಲ್ಲಿ ಮೊಟ್ಟೆನಾದ್ರೂ ಬೇಯಿಸ್ಕೊಬಹುದಿತ್ತು. ಇದ್ರಲ್ಲಿ ಅದೂ ಇಲ್ವಲ್ಲಪ್ಪ!"

"ನಿನ್ ಬೇಲಿ ಬೀಳ್ತಾ ಇದೆ, ಅದನ್ನ ನೋಡ್ಕೋ ಹೋಗು."

ಗುರುವಾರ ಸಂಜೆ ಬೆಥನಿ ಕಪ್ ಹಿಡಿದು ಗಾಡಿಯ ಮೂತಿಯ ಎದುರು ನಿಂತಳು. ಏಪ್ರಿಲ್ಲಿನ ಗಾಳಿ ಚುರುಕಾಗಿತ್ತು. ವಿಲ್ಫ್ ಎಂಜಿನ್ ಶುರು ಮಾಡಿದ. ಫ್ಯಾನ್ ತಿರುಗಿತು. ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂತು, ಅಲ್ಲಿ ನಿಲ್ಲಲಿಲ್ಲ. ಅವನು ಇಳಿದು ಒಂದು ಸುತ್ತು ಬಂದ, ಮತ್ತೆ ಹತ್ತಿ ಕೂತ. ಮುಳ್ಳು ಇನ್ನೂ ಮೇಲಕ್ಕೆ ಏರಿತ್ತು. ಬೆಥನಿ ಬೇಕೆಂದೇ ಗುಟುಕನ್ನು ಚಿಕ್ಕದು ಮಾಡುತ್ತಿದ್ದಾಳೆ ಎನ್ನಿಸಿತು ಅವನಿಗೆ. ಹೊಸ ರೇಡಿಯೇಟರ್, ಹೊಸ ಪೈಪು, ಹೊಸ ನೀರು, ಇನ್ನೇನು ಬೇಕಂತೆ ಇದಕ್ಕೆ?

"ಅಮ್ಮಾ, ಇಲ್ ಬಾ, ಕಾರಿನ ಮುಂದೆ ನಿಂತ್ಕೋ," ಎಂದು ಬೆಥನಿ ಒಳಗೆ ಕೂಗಿದಳು. "ಕಾಲಿಗೆ ಬಿಸಿಗಾಳಿ ಬರ್ತಿದೆ, ಹೀಟರ್ ಇಟ್ಟಂಗಿದೆ!"

ವಿಲ್ಫ್‌ನ ಕೈ ಕೀಲಿಯ ಮೇಲೆ ನಿಂತಿತು. ಅವಳ ಕಾಲಿಗೆ ಗಾಳಿ ಬರಕೂಡದು. ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ಸೆಳೆಯಬೇಕು. ಇದು ಎಂಜಿನ್ನಿನ ಬಿಸಿಯನ್ನೇ ರೇಡಿಯೇಟರಿನೊಳಗಿಂದ ಹೊರಕ್ಕೆ ಊದುತ್ತಿದೆ.

ಎಂಜಿನ್ ಆರಿಸಿ ಬಾನೆಟ್ ಎತ್ತಿದ. ಆ ಕಾಲದ ಇಂಗ್ಲಿಷ್ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಕಟ್ಟಿರುತ್ತಾರೆ; ಈಗಿನವುಗಳಲ್ಲಿ ಮೈನಸ್ಸನ್ನು. ಈಗಿನ ಫ್ಯಾನಿನ ಕಪ್ಪು ತಂತಿಯನ್ನು, ಅಂದರೆ ಮೈನಸ್ಸನ್ನು, ಹಳೇ ಗಾಡಿಯ ಕಬ್ಬಿಣಕ್ಕೆ ಬಿಗಿದರೆ ಅದು ಹಿಮ್ಮುಖವಾಗಿ ತಿರುಗುತ್ತದೆ. ಎಂಜಿ ಕ್ಲಬ್ಬಿನ ಹೊಸಬರಿಗೆಲ್ಲ ಬೆರಳಾಡಿಸಿ ಇದನ್ನು ಹೇಳುವವನೇ ಅವನು. ಹಿಂದಿನ ವಾರ ಬೆಥನಿಯ ಹೊಸ ಕಾರಿನ ದೀಪ ರಿಪೇರಿ ಮಾಡಿದ್ದ, ಕೈ ಅದೇ ಗುಂಗಿನಲ್ಲಿ ಇಲ್ಲೂ ಕಪ್ಪು ತಂತಿಯನ್ನೇ ಕಬ್ಬಿಣಕ್ಕೆ ಬಿಗಿದಿತ್ತು.

"ಏನಾಯ್ತಪ್ಪ?"

"ಏನಿಲ್ಲ. ನಿಮ್ಮಪ್ಪ ಕತ್ತೆ."

ತಂತಿಗಳನ್ನು ಅದಲು ಬದಲು ಮಾಡಿದ. ಮತ್ತೆ ಶುರು ಮಾಡಿ, ಹೊರಬಂದು ನಿಂತಿದ್ದ ಗ್ಲೆನಿಸಳ ಕರವಸ್ತ್ರ ಕಸಿದು ಮೂತಿಯ ಹತ್ತಿರ ಹಿಡಿದ. ಅದು ಜಾಲರಿಗೆ ಪಟಕ್ಕನೆ ಅಂಟಿಕೊಂಡಿತು. ಮುಳ್ಳು ಇಳಿಯಿತು, ಮಧ್ಯದಲ್ಲಿ ನಿಂತಿತು. ಬೆಥನಿಯ ಕಪ್ ಬರಿದಾದ ಮೇಲೂ ಅಲ್ಲೇ ಇತ್ತು.

"ಹೆಂಗೆ?" ವಿಲ್ಫ್ ಎದೆಯುಬ್ಬಿಸಿದ. "ಮಾಡ್ತೀಯಾ ಫೋನು, ಬಾಡಿಗೆಯವನಿಗೆ?"

"ಮಾತು ಕೊಟ್ಟಿದೀನಿ, ಮಾಡ್ತೀನಿ," ಎಂದಳು ಅವಳು. ಆದರೆ ಮುಖದಲ್ಲಿ ನಗುವಿರಲಿಲ್ಲ. "ಹಬೆಗೆ ಹೆದರ್ಕೊಂಡು ಮಾತ್ರ ಅಲ್ಲಪ್ಪ ನಾನು ಆ ಬಾಡಿಗೆ ಕಾರು ಹೇಳಿದ್ದು."

"ಮತ್ತೆ?"

"ಇದ್ರಲ್ಲಿ ಕೂತ್ರೆ ನೀನು ಮುಳ್ಳು ನೋಡ್ತಿರ್ತೀಯ, ಎಂಜಿನ್ ಕೇಳಿಸ್ಕೊಳ್ತಿರ್ತೀಯ. ಬಾರ್ಮತ್‌ವರೆಗೂ ಹಿಂದೆ ಸಾಮಾನಿನ ಜಾಗದಲ್ಲಿ ಮುದುಡಿ ಕೂತ್ಕೊಂಡು ನಿನ್ ಕತ್ತು ನೋಡ್ಕೊಂಡೇ ಬಂದೋಳು ನಾನು. ಮದುವೆ ದಿನವಾದ್ರೂ ಪಕ್ಕದಲ್ಲಿ ಸುಮ್ನೆ ಕೂತಿರೋ ಅಪ್ಪ ಬೇಕಿತ್ತು, ಅಷ್ಟೇ."

ವಿಲ್ಫ್ ಬಾನೆಟ್ ಮುಚ್ಚಿದ. ಸ್ಪ್ಯಾನರ್ ಒರೆಸಿದ, ಒರೆಸಿದ್ದನ್ನೇ ಒರೆಸಿದ.

ಶುಕ್ರವಾರ ಬೆಳಗಿನಿಂದ ಗಾಡಿಗೆ ಪಾಲಿಶ್ ತಿಕ್ಕಿದ. ಬಾಗಿಲಿಗೆ ಬಿಳಿಯ ರಿಬ್ಬನ್ ಕಟ್ಟಿದ, ಬಿಚ್ಚಿದ, ಮತ್ತೆ ಕಟ್ಟಿದ. ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದ. ಮುಳ್ಳು ಅಲ್ಲಾಡಲಿಲ್ಲ. ಅಷ್ಟು ದೂರವೂ ತಾನು ಅದನ್ನು ಬಿಟ್ಟು ಬೇರೇನೂ ನೋಡಲಿಲ್ಲವೆಂಬುದು ಗ್ಯಾರೇಜಿನ ಬಾಗಿಲಲ್ಲಿ ಅವನಿಗೆ ಗೊತ್ತಾಯಿತು. ಒಳಗೆ ಹೋದವನು ಗ್ಲೆನಿಸಳಿಗೆ, "ಅವಳಿಗೆ ಹೇಳು, ಬಾಡಿಗೆಯವನಿಗೆ ಬೇಡ ಅನ್ಬೇಡ ಅಂತ," ಎಂದ.

"ನಿನಗೆ ಬಾಯಿಲ್ವಾ? ನೀನೇ ಹೇಳು."

ಅವನೇ ಮಗಳಿಗೆ ಫೋನ್ ಮಾಡಿ ಹೇಳಿದ. ಆಚೆಯಿಂದ ಮಗಳು, "ನಾನಿನ್ನೂ ಅವನಿಗೆ ಫೋನ್ ಮಾಡೇ ಇರ್ಲಿಲ್ಲಪ್ಪ," ಎಂದಳು.

ಶನಿವಾರ ಕರಿಯ ಕಾರಿನ ಹಿಂದಿನ ಸೀಟಿನಲ್ಲಿ ವಿಲ್ಫ್ ಮಗಳ ಪಕ್ಕದಲ್ಲಿ ಕೂತ. ಹಿಡಿಯಲು ಸ್ಟೀರಿಂಗ್ ಇಲ್ಲ, ಒತ್ತಲು ಪೆಡಲ್ ಇಲ್ಲ. ಮಂಡಿ ಒಂದೇ ಸಮನೆ ಕುಣಿಯುತ್ತಿತ್ತು. ಬೆಥನಿ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಿರುವುದು ಅವನ ಕಣ್ಣಿಗೆ ಬಿತ್ತು. ತಾಯಿಯೂ ಹಾಗೇ ಕಚ್ಚಿಕೊಳ್ಳುತ್ತಾಳೆ. ಮಗಳಿಗೂ ಆ ಅಭ್ಯಾಸವಿದೆಯೆಂದು ಅವನಿಗೆ ಇದುವರೆಗೆ ಗೊತ್ತಿರಲಿಲ್ಲ.

"ಹೆದರಿಕೆನಾ, ಮರೀ?"

"ಹೂಂ. ನಿಂಗೆ?"

"ಕೈ ಎಲ್ಲಿಟ್ಕೋಬೇಕೋ ತಿಳೀತಿಲ್ಲ."

ಅವಳು ಆ ಒರಟು ಕೈಯನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಚರ್ಚಿನ ಗೇಟು ಬಂತು. ಚಾಲಕ ವೇಗ ತಗ್ಗಿಸಿದ. ವಿಲ್ಫ್ ಮುಂದಕ್ಕೆ ಬಾಗಿ ಅವನ ಭುಜ ಮುಟ್ಟಿದ.

"ಇನ್ನೊಂದು ಸುತ್ತು ಹೋಗಪ್ಪ. ಮದುಮಗಳು ಸ್ವಲ್ಪ ತಡವಾಗೇ ಬರ್ಬೇಕು."