ಎಮ್ಮೆಯ ಬಾನಿಗೆ ಹಾಕಿದ ಹೋಳಿಗೆ

ನೀನು ಕೊಟ್ಟ ಹೋಳಿಗೆಯನ್ನು ನಾನು ಒಂದು ಸಲವೂ ತಿನ್ನಲಿಲ್ಲ, ಶರಣವ್ವ. ಪ್ರತಿ ಯುಗಾದಿಗೂ ನಗುನಗುತ್ತ ಇಸಿದುಕೊಂಡು, ನೀನು ನಿನ್ನ ಮನೆ ಸೇರುವುದರೊಳಗೆ ಹಿತ್ತಲಿಗೆ ಹೋಗಿ ಎಮ್ಮೆಯ ಬಾನಿಗೆ ಹಾಕುತ್ತಿದ್ದೆ. ಮರುದಿನ ತಾಟು ತಿರುಗಿ ಕೊಡುವಾಗ, "ಏನ್ ರುಚಿ ಇತ್ತಬೇ ಶರಣಿ!" ಎನ್ನುತ್ತಿದ್ದೆ. ಅದೇ ಬಾಯಲ್ಲಿ ಭಾನುವಾರ ಚರ್ಚಿನಲ್ಲಿ ಹಾಡುತ್ತಿದ್ದೆ.

ಇದನ್ನು ಈಗ ಹೇಳುವಂತೆ ಮಾಡಿದ್ದು ದುಃಖವಲ್ಲ, ಸಂತೋಷ. ನನ್ನ ಮಗಳು ಕರುಣಾಗೆ ಹೆಣ್ಣು ಕೂಸು ಹುಟ್ಟಿದೆ! ಮದುವೆಯಾಗಿ ಎಷ್ಟು ವರ್ಷಕ್ಕೆ — ನಿನಗೇ ಗೊತ್ತಲ್ಲ. ಸಿಂಧನೂರಿನ ಆಸ್ಪತ್ರೆಯಲ್ಲಿ ಕೂಸನ್ನು ನನ್ನ ಕೈಗೆ ಕೊಟ್ಟಾಗ ನಾನು ಅತ್ತೆನೋ ನಕ್ಕೆನೋ ಗೊತ್ತಿಲ್ಲ. ಆ ಪುಟ್ಟ ಹಣೆ, ಮುಷ್ಟಿ ಬಿಗಿದ ಕೈ, ನಮ್ಮ ಯಜಮಾನರದೇ ಕಿವಿ... ಪೇಡೆಯ ಡಬ್ಬಿ ಹಿಡಿದು ತುರ್ವಿಹಾಳದಲ್ಲಿ ಬಸ್ಸಿಳಿದೆ. ಯಜಮಾನರು ತೀರಿಹೋದ ಮೇಲೆ ಮನೆಯಲ್ಲಿ ಯಾರಿದ್ದಾರೆ, ಹೇಳುವುದಕ್ಕೆ? ಕಾಲು ತಾನಾಗಿ ನಿನ್ನ ಓಣಿಗೆ ತಿರುಗಿತು. ಬಾಗಿಲು ಬಡಿದೆ.

"ಯಾರು ಬೇಕಾಗಿತ್ರೀ?" — ಬಾಡಿಗೆಗೆ ಬಂದ ಹೊಸ ಹೆಣ್ಣುಮಗಳು.

ನೀನು ಮಗನ ಹತ್ತಿರ ಲಿಂಗಸುಗೂರಿಗೆ ಹೋಗಿ ಎಷ್ಟೋ ದಿನವಾಗಿದೆ. ಗೊತ್ತಿತ್ತು. ಆದರೂ...

"ಯಾರೂ ಬ್ಯಾಡರೀ. ಪೇಡೆ ತಗೋರಿ, ಮೊಮ್ಮಗಳು ಹುಟ್ಯಾಳ" ಎಂದು ಎರಡು ಪೇಡೆ ಅವಳ ಕೈಗಿಟ್ಟು ಬಂದೆ. ಉಳಿದದ್ದು ಡಬ್ಬಿಯಲ್ಲೇ ಇದೆ.

ಕರುಣಾಗೆ ಮಕ್ಕಳಾಗಲಿಲ್ಲವೆಂದು ನಾನು ಕಣ್ಣೀರು ಹಾಕುತ್ತಿದ್ದಾಗ ನೀನು ಹೇಳಿದ್ದೆ: "ನೀ ನಿಮ್ಮ ದೇವರಿಗೆ ಕೇಳು, ನಾ ನಮ್ಮ ದೇವರಿಗೆ ಕೇಳ್ತೀನಿ. ಯಾರ ದನಿ ದೊಡ್ಡದೈತೋ ನೋಡೂನಂತ!" ಅಳುತ್ತಿದ್ದವಳನ್ನು ನಗಿಸಿಬಿಟ್ಟೆ. ಕೂಸನ್ನು ಕೊಟ್ಟವನು ನನ್ನ ಕರ್ತನೇ. ಅದನ್ನು ನಾನು ಯಾರ ಮುಂದೆಯೂ ಬಿಟ್ಟುಕೊಡಲಾರೆ. ಆದರೆ ನನ್ನ ಮಗಳಿಗಾಗಿ ನೀನು ಕಣ್ಣು ಮುಚ್ಚಿ ಕುಳಿತದ್ದು — ಅದು ಸಣ್ಣದೆಂದು ಹೇಗೆ ಹೇಳಲಿ?

ನಿಮ್ಮ ದೇವರ ಮುಂದೆ ಎಡೆ ಹಿಡಿದದ್ದನ್ನು ನಾವು ತಿನ್ನುವುದಿಲ್ಲ. ಅದು ನನ್ನ ನಂಬಿಕೆ, ಇವತ್ತಿಗೂ. ನಿನಗೆ ಅದನ್ನು ಒಂದು ಮಾತಿನಲ್ಲಿ ಹೇಳಬಹುದಿತ್ತು. ನೀನು ಹೇಳಿದ್ದೆಯಲ್ಲ! ಮೊದಲ ಕ್ರಿಸ್‌ಮಸ್ಸಿಗೇ, ನಮ್ಮ ಅಡಿಗೆಮನೆಯಲ್ಲಿ ನಿಂತು: "ಯಕ್ಕಾ, ನಿಮ್ಮ ಗಡಿಗ್ಯಾಗ ಖಂಡ ಬೇಯ್ತದ, ನಾ ಉಣ್ಣಂಗಿಲ್ಲ. ಸಿಟ್ಟಾಗಬ್ಯಾಡ. ಬಾಳಿಹಣ್ಣು ಕೊಡು, ಇಲ್ಲೇ ಕುಂತು ತಿಂತೀನಿ." ನನಗೆ ಚುಚ್ಚಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನೀನು ನಿಜವಾಗಿ ಕುಳಿತೆ, ತಿಂದೆ, ಸಿಪ್ಪೆಯನ್ನು ನಮ್ಮ ಎಮ್ಮೆಗೆ ತಿನ್ನಿಸಿ ಹೋದೆ. ಪ್ರತಿ ವರ್ಷವೂ ಹಾಗೆಯೇ. ನಿನ್ನ ನೇಮ ನಿನಗಿತ್ತು, ನಾನೂ ನಿನಗೆ ಬೇಕಾಗಿದ್ದೆ. ಎರಡನ್ನೂ ಮುಚ್ಚಿಡಲಿಲ್ಲ ನೀನು.

ಆ ಕೊನೆಯ ಯುಗಾದಿಯ ದಿನ, ಹೋಳಿಗೆಗೆ ತುಪ್ಪ ಮರೆತೆನೆಂದು ನೀನು ಬಟ್ಟಲು ಹಿಡಿದು ಹಿತ್ತಲ ಬಾಗಿಲಿಂದ ತಿರುಗಿ ಬಂದೆ. ಹೋಳಿಗೆ ಬಾನಿಯಲ್ಲಿ ತೇಲುತ್ತಿತ್ತು. ಎಮ್ಮೆ ಬಾಯಿ ಹಾಕಿತ್ತು. ನೀನು ಬಾನಿ ನೋಡಿದೆ, ನನ್ನನ್ನು ನೋಡಿದೆ.

"ಎಡಿ ಹಿಡಿಯೋಕಿಂತ ಮೊದಲ ತೆಗೆದಿಟ್ಟಿದ್ದೆ ಯಕ್ಕಾ. ಎಡಿದು ನಿನಗ ನಡಿಯಂಗಿಲ್ಲಂತ ನನಗ ಗೊತ್ತಿಲ್ಲೇನು? ವರ್ಷಾ ಹಿಂಗ ತೆಗಿತಿದ್ದೆ, ಅತ್ತಿ ಕಡಿಂದ ಬೈಸ್ಕೊಂಡು."

ನಾನು ಖಾಲಿ ತಾಟನ್ನು ಸೆರಗಿನಡಿ ಸರಿಸಿದೆ.

"ಹೋಗ್ಲಿ ಬಿಡು. ಎಮ್ಮಿಗರೆ ರುಚಿ ಹತ್ತೇತಿ" ಎಂದು ಬಟ್ಟಲಿನ ತುಪ್ಪವನ್ನೂ ಬಾನಿಗೆ ಸುರಿದು ಹೋದವಳು ನೀನು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಎಡೆ ಆಗುವತನಕ ನಿಮ್ಮ ಮನೆಯಲ್ಲಿ ಅಳುವ ಕೂಸಿಗೂ ಹೋಳಿಗೆಯ ಚೂರು ಸಿಗುತ್ತಿರಲಿಲ್ಲ. ಆ ಮೀಸಲನ್ನು ನೀನು ನನಗಾಗಿ ಮುರಿದೆ — ನನ್ನ ನಂಬಿಕೆಗಾಗಿ, ನಿನ್ನದಲ್ಲದ ನಂಬಿಕೆಗಾಗಿ. ನಾನು "ಇದು ಎಡಿದೇನಬೇ?" ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ತಿನ್ನಬಹುದಿತ್ತು. ಇಷ್ಟು ವರ್ಷ ಎಮ್ಮೆ ತಿಂದದ್ದು ನನ್ನ ಪಾಲು.

ಇನ್ನೊಂದಿದೆ, ಇದು ನಿನಗೆ ಗೊತ್ತಿಲ್ಲ. ನೀನು ಬರುವುದು ಯಾಕೆ ನಿಲ್ಲಿಸಿದೆ ಎಂದು ಚರ್ಚಿನ ಹೆಣ್ಣುಮಕ್ಕಳು ಕೇಳಿದಾಗ, "ಆಕಿಗೆ ನಮ್ಮ ನಂಬಿಕಿ ಸೇರಂಗಿಲ್ರೀ" ಎಂದುಬಿಟ್ಟೆ. ಅವರು ನನ್ನ ಕೈ ಹಿಡಿದು ಪ್ರಾರ್ಥನೆ ಮಾಡಿದರು. ನಾನು ಆಮೆನ್ ಎಂದೆ. ಎಡೆಯದನ್ನು ತಿನ್ನಬಾರದೆಂದು ಓದಿದ ಪುಸ್ತಕದಲ್ಲೇ, ನೆರೆಯವರ ಮೇಲೆ ಸುಳ್ಳು ಹೇಳಬಾರದೆಂದೂ ಇತ್ತು. ಅದನ್ನು...

ಬರುವ ಭಾನುವಾರ ಆ ಹೆಣ್ಣುಮಕ್ಕಳ ಮುಂದೆ ನಿಂತು ನಿಜ ಹೇಳುತ್ತೇನೆ. ಸೋಮವಾರ ಸಿಂಧನೂರಿಗೆ ಹೋಗಿ, ಕೂಸಿನ ಮುಖ ನೋಡಿ, ಲಿಂಗಸುಗೂರಿನ ಬಸ್ಸು ಹತ್ತುತ್ತೇನೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಬಾಳೆಹಣ್ಣು ಕೊಳ್ಳುತ್ತೇನೆ. ನೀನು ಏನಾದರೂ ತಿನ್ನಲು ಕೊಟ್ಟರೆ ಎಡೆಯದೇನು ಎಂದು ಮೊದಲು ಕೇಳುತ್ತೇನೆ. ಹೌದಾದರೆ ಒಲ್ಲೆ ಎಂದು ನಿನ್ನ ಮುಖ ನೋಡಿಯೇ ಹೇಳುತ್ತೇನೆ. ಏನೂ ಕೊಡದಿದ್ದರೂ ಸರಿ. ಬಾಗಿಲು ತೆರೆಯದೆ ಒಳಗಿಂದಲೇ ಯಾರು ಎಂದು ಕೇಳಿದರೆ, ಮೊಮ್ಮಗಳು ಹುಟ್ಟಿದ್ದಾಳೆಂದು ಮೊದಲು ಹೇಳುವುದಿಲ್ಲ.

"ನಿನ್ನ ಹೋಳಿಗಿ ಎಮ್ಮಿಗೆ ಹಾಕಿದಾಕಿ ಬಂದೀನಬೇ" ಎನ್ನುತ್ತೇನೆ.